ಒಂದೇ ಚುಚ್ಚಿಗೆ ಸಿಕ್ಕ ನರ

ಮೊದಲು ಬಾಯಿ ಬಿಚ್ಚಿಕೊಂಡಿತು. ಆಮೇಲೆ ಮೂಗು ಎರಡು ಹೋಳಾಗಿ, ಒಂದು ಹೋಳು ಬಿಚ್ಚುತ್ತಿದ್ದವಳ ಬೆರಳಿಗೆ ಸುತ್ತಿಕೊಂಡು ಬಂತು, ಇನ್ನೊಂದು ಮಗುವಿನ ಮಣಿಕಟ್ಟಿನಲ್ಲೇ ಉಳಿಯಿತು. ಸಿಸ್ಟರ್ ಪಟ್ಟಿಯನ್ನು ಸುತ್ತು ಸುತ್ತಾಗಿ, ಅವಸರವಿಲ್ಲದೆ ಬಿಚ್ಚುತ್ತಿದ್ದಳು. ಅವಸರ ಮಾಡಿದರೆ ಒಳಗಿರುವುದು ಬೇಗ ನಿಜವಾಗಿಬಿಡುತ್ತದೆ ಎಂಬ ಹಾಗೆ. ನಾಲ್ಕು ದಿನದ ಹಿಂದೆ ಅವಳೇ ಪಟ್ಟಿಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಮುಖ ಅದು. ಎರಡು ಚುಕ್ಕಿ ಕಣ್ಣು, ಮೊಂಡು ಮೂಗು, ಕಿವಿಯಿಂದ ಕಿವಿಗೆ ನಗು, ತಲೆಯ ಮೇಲೆ ಟೋಪಿಯ ಹಾಗೆ ಪಟ್ಟಿಯಿಂದ ಹೊರಗೆ ಇಣುಕುವ ಸೂಜಿಯ ಮುಚ್ಚಳ. ಎಡಗಣ್ಣು ಮಾತ್ರ ಈಗ ಬಲಗಣ್ಣಿಗಿಂತ ದೊಡ್ಡದಾಗಿತ್ತು, ಶಾಯಿಯೂ ಕಪ್ಪು. ತಾನು ಹಾಗೆ ಬರೆದಿರಲಿಲ್ಲ. ಕಂಡೂ ಕಾಣದವಳಂತೆ ಮುಂದಿನ ಸುತ್ತಿಗೆ ಹೋದಳು. ಕೊನೆಯ ಸುತ್ತು ಚರ್ಮಕ್ಕೆ ಅಂಟಿಕೊಂಡಿತ್ತು. ಉಪ್ಪುನೀರು ಹನಿಸಿ, ನೆನೆಯಲು ಬಿಟ್ಟು, ಆಮೇಲೆ ಎಳೆದಳು. ಹಾಸಿಗೆಯ ಆಚೆ ಬದಿಯಲ್ಲಿ ಮಗುವಿನ ತಾಯಿ ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

ಕೈ ಹೊರಗೆ ಬಂತು. ಒಂದು ಕ್ಷಣ, ಒಂದೇ ಕ್ಷಣ, ಅದು ಗಟ್ಟಿಮುಟ್ಟಾದ ಮಗುವಿನ ಕೈಯ ಹಾಗೆ ಕಂಡಿತು. ದುಂಡಗೆ, ತುಂಬಿಕೊಂಡು, ಗೆಣ್ಣುಗಳಿರಬೇಕಾದಲ್ಲಿ ಗುಳಿ ಬಿದ್ದು. ಬಟ್ಟೆ ಅಂಗಡಿಯ ಗೋಡೆಗೆ ಹಾಕುವ ಚಿತ್ರಗಳಲ್ಲಿ ಮಕ್ಕಳಿಗೆ ಇಂಥ ಕೈಗಳಿರುತ್ತವೆ. ಆದರೆ ಈ ಮಗುವಿನ ಮೈಯಲ್ಲಿ ಎಲ್ಲೂ ದುಂಡಗಿನದು ಏನೂ ಇರಲಿಲ್ಲ. ಎಂಟು ತಿಂಗಳಾದರೂ ಮೂರು ತಿಂಗಳ ಮಗುವಿನ ತೂಕ ಇಲ್ಲ. ಪಕ್ಕೆಲುಬು ಎಣಿಸಬಹುದು, ಹಿಂಭಾಗದ ಚರ್ಮ ಯಾರದೋ ಸಡಿಲ ಚಡ್ಡಿ ತೊಟ್ಟ ಹಾಗೆ ಮಡಿಕೆ ಬಿದ್ದಿತ್ತು. ಆ ಮೈಗೆ ಈ ಕೈ ಬೇರೆ ಎಲ್ಲಿಂದಲೋ ತಂದು ಹೊಲಿದಂತಿತ್ತು. ಸೂಜಿಯ ಬುಡ ಊತದಲ್ಲಿ ಹೂತುಹೋಗಿತ್ತು. ಅದರ ಸುತ್ತ ಹಳದಿ ಕೀವು. ಅಲ್ಲಿಂದ ಮೊಣಕೈವರೆಗೆ, ಸ್ಕೇಲಿಟ್ಟು ಎಳೆದ ಹಾಗೆ, ಒಂದು ಕೆಂಪು ಗೆರೆ.

ಪಕ್ಕದ ಹಾಸಿಗೆಯ ಹೆಂಗಸು ತನ್ನ ಮಗುವಿಗೆ ಲೋಟದಲ್ಲಿ ಹಾಲು ಕುಡಿಸುತ್ತಿದ್ದವಳು ಲೋಟವನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡಳು.

ಮಗುವನ್ನು ವಾರ್ಡಿನಲ್ಲಿ ಎಲ್ಲರೂ ತಾತ ಎಂದೇ ಕರೆಯುತ್ತಿದ್ದರು. ಹೊಟ್ಟೆಗೆ ಸಾಲದೆ ಸೊರಗಿದ ಮಕ್ಕಳ ಮುಖ ಹಾಗಾಗುತ್ತದೆ. ಕೆನ್ನೆ ಇಳಿದು, ಹಣೆ ನೆರಿಗೆಗಟ್ಟಿ, ಜಗತ್ತನ್ನೆಲ್ಲ ನೋಡಿ ಮುಗಿಸಿದ ಮುದುಕರ ಮುಖ. ಮೊದಲ ದಿನವೇ ಆಯಾ ಬಂದು ಇಣುಕಿ, "ಇವರು ಯಾರಮ್ಮ ಹಿರಿಯರು, ನಮ್ಮನ್ನೆಲ್ಲ ವಿಚಾರಿಸೋಕೆ ಬಂದಂಗಿದೆ" ಎಂದಿದ್ದಳು. ಅಂದಿನಿಂದ ತಾತನಿಗೆ ಬಹುವಚನ. ತಾತ ಎಷ್ಟು ಕುಡಿದರು, ತಾತ ಉಚ್ಚೆ ಹೊಯ್ದರಾ, ತಾತನವರ ತೂಕ ಆಯಿತಾ. ತಾಯಿಗೆ ಇಪ್ಪತ್ತೂ ತುಂಬಿರಲಿಕ್ಕಿಲ್ಲ, ಮೊದಮೊದಲು ಮುಖ ಸಿಂಡರಿಸಿಕೊಂಡವಳು ಎರಡನೆಯ ದಿನಕ್ಕೆ ತಾನೂ ಶುರುಮಾಡಿದಳು. "ಮೂವತ್ತು ಎಂಎಲ್ ಕುಡಿದು ಬಾಯಿ ಒರೆಸ್ಕೊಂಡು ಮಲಗಿದ್ದಾರೆ. ಅವರಪ್ಪಂಗೂ ಇಷ್ಟು ಮರ್ಯಾದೆ ಯಾರೂ ಕೊಟ್ಟಿಲ್ಲ." ಆ ಹುಡುಗಿ ಸಿಸ್ಟರನ್ನು ಸಿಸ್ಟರಕ್ಕ ಎನ್ನುತ್ತಿದ್ದಳು. ಬೇರೆ ಯಾರನ್ನೂ ಹಾಗೆ ಕರೆಯುತ್ತಿರಲಿಲ್ಲ.

ಸಿಸ್ಟರಿಗೆ ಇನ್ನೊಂದು ಹೆಸರೂ ಇತ್ತು. ಒಂದೇ ಚುಚ್ಚು. ಇಂಥ ಮಕ್ಕಳಿಗೆ ನರ ಕಾಣುತ್ತದೆ, ಸಿಗುವುದಿಲ್ಲ. ಚರ್ಮ ಎಷ್ಟು ತೆಳುವೆಂದರೆ ಅದರಡಿ ನೀಲಿ ದಾರಗಳು ಸ್ಪಷ್ಟ ಕಾಣುತ್ತವೆ, ಸೂಜಿ ಹತ್ತಿರ ಬಂದದ್ದೇ ಆ ದಾರ ಪಕ್ಕಕ್ಕೆ ಜಾರುತ್ತದೆ, ಇಲ್ಲವೇ ಒಳಗೇ ಕುಸಿದು ಇಲ್ಲವಾಗುತ್ತದೆ. ತಾತ ಬಂದ ದಿನ ಔಷಧಿಯನ್ನು ನರಕ್ಕೇ ಕೊಡಬೇಕಾಗಿತ್ತು. ಮರಿ ಡಾಕ್ಟರು ಮೂರು ಸಲ ಚುಚ್ಚಿ ಕೈಬಿಟ್ಟಿದ್ದರು. ಅವರ ಕೋಟಿನ ತೋಳು ಬೆರಳು ಮುಚ್ಚುವಷ್ಟು ಉದ್ದ, ಅದಕ್ಕೇ ಆ ಹೆಸರು. ಇನ್ನೊಬ್ಬ ಸಿಸ್ಟರ್ ಎರಡು ಸಲ. ಊಟಕ್ಕೆ ಕೂತಿದ್ದವಳನ್ನು ಕರೆಸಿದರು. ಅವಳು ಬಂದು, ಕೈ ತೊಳೆದು, ಏನೂ ಮಾಡದೆ ಮಗುವಿನ ಎಡಗೈಯನ್ನು ತನ್ನ ಎರಡು ಅಂಗೈ ನಡುವೆ ಇಟ್ಟುಕೊಂಡು ಕೂತುಬಿಟ್ಟಳು. ಐದು ನಿಮಿಷ. "ತಾತಪ್ಪಾ, ಎಲ್ಲಿಟ್ಟಿದ್ದೀರಿ ಹೇಳಿ. ಯಾರಿಗೂ ಹೇಳಲ್ಲ" ಎಂದು ಅದರ ಜೊತೆ ಗುಟ್ಟು ಮಾತಾಡುತ್ತ. ಕೈ ಬೆಚ್ಚಗಾಗಿ ಕಿರುಬೆರಳ ಬುಡದಲ್ಲಿ ಒಂದು ಎಳೆ ಮೇಲೆದ್ದಿತು. ಅವಳು ಉಸಿರು ಬಿಗಿಹಿಡಿದಳೋ ಬಿಟ್ಟಳೋ ಅವಳಿಗೇ ನೆನಪಿಲ್ಲ. ಸೂಜಿಯ ಬಾಲದಲ್ಲಿ ಒಂದು ಹನಿ ಕೆಂಪು ಕಂಡಿತು. ಸುತ್ತ ನೆರೆದಿದ್ದ ತಾಯಂದಿರೆಲ್ಲ ಒಟ್ಟಿಗೆ ಉಸಿರು ಬಿಟ್ಟ ಸದ್ದು ಅವಳ ಬೆನ್ನಿಗೆ ತಾಗಿತು. ಉಕ್ಕಿನ ಸೂಜಿ ತೆಗೆದು ಮೆತ್ತನೆಯ ನಳಿಕೆಯನ್ನು ಒಳಗೆ ಉಳಿಸಿ, ಪ್ಲಾಸ್ಟರ್ ಹಾಕಿ, ರಟ್ಟಿನ ತುಂಡು ಕೊಟ್ಟು, ಮೇಲೆ ಪಟ್ಟಿ ಸುತ್ತಿ, ಜೇಬಿನಿಂದ ಪೆನ್ನು ತೆಗೆದು ಮುಖ ಬರೆದಳು. ಅದು ಅವಳ ಪದ್ಧತಿ. ಸೂಜಿ ಕಾಣಿಸದಿದ್ದರೆ ತಾಯಂದಿರು ಅಳುವುದಿಲ್ಲ. ಔಷಧಿ ಹಾಕಲು ಟೋಪಿ ಹೊರಗಿದ್ದರೆ ಸಾಕು. ದಿನಾ ಬಿಚ್ಚುವ ಕಷ್ಟವಿಲ್ಲ.

ಈಗ ಆ ನಳಿಕೆಯನ್ನು ಹೊರಗೆಳೆದಾಗ ಹಿಂದೆಯೇ ಒಂದು ಹನಿ ಕೀವು ಬಂತು. ಅವಳು ಹತ್ತಿಯಿಂದ ಒತ್ತಿದಳು. ತಾತ ಅಳಲಿಲ್ಲ, ಹುಬ್ಬುಗಂಟಿಕ್ಕಿ ಅವಳನ್ನೇ ನೋಡಿದರು. ಮೈ ತಣ್ಣಗಿತ್ತು. ಇಂಥ ಮಕ್ಕಳಿಗೆ ಸೋಂಕು ಹತ್ತಿದರೆ ಜ್ವರ ಬರುವುದಿಲ್ಲ, ಜ್ವರ ಬರಿಸಲೂ ಮೈಯಲ್ಲಿ ಏನಾದರೂ ಇರಬೇಕು. ಅವು ತಣ್ಣಗಾಗುತ್ತವೆ, ಹಾಲು ಬೇಡ ಎನ್ನುತ್ತವೆ, ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತವೆ. ಬೆಳಿಗ್ಗೆಯಿಂದ ತಾತ ಮೂರು ಲೋಟ ತಿರಸ್ಕರಿಸಿದ್ದರು.

"ನಂದೇ ತಪ್ಪು ಸಿಸ್ಟರಕ್ಕ" ಎಂದಳು ಹುಡುಗಿ. "ನಿನ್ನೆ ಮೈ ಒರೆಸುವಾಗ ಪಟ್ಟಿಗೆ ನೀರು ತಾಗ್ತು. ಊದಿ ಊದಿ ಒಣಗಿಸ್ದೆ. ಒಂದು ಕಣ್ಣು ಅಳಿಸಿಹೋಗಿತ್ತು. ನೀವು ಬೇಜಾರ್ ಮಾಡ್ಕೊಳ್ತೀರಾ ಅಂತ ಪೆನ್ ಇಸ್ಕೊಂಡು ನಾನೇ ಬರೆದೆ."

ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬಂದಿದ್ದರು. ಮೂವತ್ತು ವರ್ಷ ಈ ವಾರ್ಡಿನಲ್ಲೇ ಕಳೆದ ಅವರಿಗೆ ಹಾಸಿಗೆಯ ಹತ್ತಿರ ಬರುವ ಮೊದಲೇ ಎಲ್ಲ ತಿಳಿಯುತ್ತಿತ್ತು. "ನೀರು ಹಾಕಿದ್ಯಾ? ಪಟ್ಟಿ ನೆನೆಸಬಾರದು ಅಂತ ನಿಮಗೆಲ್ಲ ಎಷ್ಟು ಸಲ ಹೇಳೋದು?" ಎಂದು, ಉತ್ತರಕ್ಕೆ ಕಾಯದೆ, ಹಾಸಿಗೆಯ ಕಾಲಿಗೆ ನೇತುಹಾಕಿದ್ದ ಫೈಲನ್ನು ತೆಗೆದು ನಿಂತಲ್ಲೇ ಬರೆದರು. ಸಿಸ್ಟರ್ ತಲೆಕೆಳಗಾಗಿ ಓದಿದಳು. ತಾಯಿಯು ಪಟ್ಟಿಯನ್ನು ಒದ್ದೆ ಮಾಡಿದ್ದರಿಂದ. ಅವಳ ಬಾಯಿಗೆ ಒಂದು ಮಾತು ಬಂತು. ಬಂದ ಮಾತನ್ನು ನುಂಗುವುದು ಇಷ್ಟು ಸುಲಭವೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಎಂಜಲು ನುಂಗಿದಷ್ಟೇ.

ಏಕೆಂದರೆ ಆ ಸೂಜಿ ನಿನ್ನೆ ಅಲ್ಲಿರಲೇಬಾರದಿತ್ತು. ಮೊನ್ನೆ ಬೆಳಿಗ್ಗೆ ಮರಿ ಡಾಕ್ಟರು ರೌಂಡಿಗೆ ಬಂದು, "ತಾತ ಬಾಯಲ್ಲೇ ಕುಡೀತಿದ್ದಾರೆ, ಔಷಧಿನೂ ಬಾಯಿಗೇ ಕೊಡೋಣ. ಲೈನ್ ತೆಗೆದುಬಿಡಿ ಸಿಸ್ಟರ್" ಎಂದಿದ್ದರು. ಅವಳು ಆ ನೀಲಿ ನಗುವನ್ನು ನೋಡಿದಳು. "ಇರ್ಲಿ ಡಾಕ್ಟ್ರೇ, ಇನ್ನೊಂದೆರಡು ದಿನ. ಮತ್ತೆ ಬೇಕಾದ್ರೆ ಎಲ್ಲಿಂದ ತರ್ತೀರಾ ನರಾನ?" ಎಂದಳು. ಅವರು ನಕ್ಕು, "ಆಯ್ತು, ನಿಮ್ಮ ಆಸ್ತಿ, ನೀವೇ ನೋಡ್ಕೊಳ್ಳಿ" ಎಂದು ಮುಂದಿನ ಹಾಸಿಗೆಗೆ ಹೋದರು. ಮತ್ತೆ ಬೇಕಾದರೆ ಎಂಬುದು ಸುಳ್ಳಲ್ಲ, ವಾರ್ಡಿನಲ್ಲಿ ಎಲ್ಲರೂ ಹೇಳುವ ಮಾತು. ಆದರೆ ಆಗ ಅವಳು ಯೋಚಿಸಿದ್ದು ಮಗುವನ್ನಲ್ಲ. ಅಷ್ಟು ಚೆಂದ ಕೂತಿದ್ದನ್ನು ಕೀಳಲು ಮನಸ್ಸು ಬರಲಿಲ್ಲ. ಬೇರೆ ವಾರ್ಡಿನ ಸಿಸ್ಟರುಗಳು ಊಟದ ಹೊತ್ತಿಗೆ ಬಂದು ಆ ಕೈಯನ್ನು ನೋಡಿ ಹೋಗಿದ್ದರು. ಮಾರನೆಯ ದಿನ ಅವಳ ರಜೆ. ಹೊರಡುವಾಗ ಬಾಗಿಲಲ್ಲಿ ನಿಂತು, ಪಾಳಿಗೆ ಬಂದವಳಿಗೆ ಹೇಳಿದ್ದಳು: "ತಾತಂದು ಬಿಚ್ಚಬೇಡ್ರೇ. ನಾನೇ ಬಂದು ನೋಡ್ತೀನಿ." ಯಾರೂ ಬಿಚ್ಚಲಿಲ್ಲ. ಅಷ್ಟು ವಿಧೇಯತೆ ಬೇರೆ ಯಾವ ವಿಷಯದಲ್ಲೂ ಆ ವಾರ್ಡು ಅವಳಿಗೆ ತೋರಿಸಿರಲಿಲ್ಲ.

ಆ ದಿನ ಅವಳು ಮನೆಯಲ್ಲಿ ಮಗಳ ಮುಂಗೂದಲು ಕತ್ತರಿಸಿದಳು. ಒಂದು ಕಡೆ ಗಿಡ್ಡವಾಯಿತು, ಸರಿಮಾಡಲು ಹೋಗಿ ಇನ್ನೊಂದು ಕಡೆ ಇನ್ನೂ ಗಿಡ್ಡವಾಯಿತು, ಮಗಳು ಕನ್ನಡಿ ನೋಡಿ ಗಲಾಟೆಯೆಬ್ಬಿಸಿದಳು. ಗಂಡ ಪತ್ರಿಕೆಯ ಹಿಂದಿನಿಂದ, "ನಿಮ್ಮಮ್ಮಂದು ಆಸ್ಪತ್ರೇಲಿ ಒಂದೇ ಚುಚ್ಚು, ಮನೇಲಿ ದಿನಕ್ಕೆ ಹತ್ತು" ಎಂದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ಹೊತ್ತಾಗಿತ್ತು ಆಗ? ಹನ್ನೊಂದು, ಹನ್ನೊಂದೂವರೆ. ಹನ್ನೊಂದಕ್ಕೆ ವಾರ್ಡಿನಲ್ಲಿ ಮೈ ಒರೆಸುವ ಹೊತ್ತು. ಅವಳು ಕತ್ತರಿ ಹಿಡಿದು ನಗುತ್ತಿದ್ದಾಗ ಆ ಹುಡುಗಿ ಅಳಿಸಿಹೋದ ಒಂದು ಕಣ್ಣನ್ನು, ಯಾರದೋ ಪೆನ್ನಿನಿಂದ, ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದಿರಬೇಕು. ಪಟ್ಟಿಯ ಕೆಳಗೆ ಕೈ ಆಗಲೇ ಬಿಸಿಯಾಗಿರಬೇಕು. ಎರಡು ಪದರ ಬಟ್ಟೆಯ ದೂರದಲ್ಲಿ ಹುಡುಗಿ ಇದ್ದಳು, ಆರು ಮೈಲಿಯ ದೂರದಲ್ಲಿ ತಾನು. ಇಬ್ಬರೂ ಆ ಮುಖವನ್ನು ಪ್ರೀತಿಸುತ್ತಿದ್ದೆವು ಎಂದುಕೊಂಡಳು.

ಪಟ್ಟಿ ಬಿಚ್ಚಿದ ದಿನ ಎರಡು ಗಂಟೆಗೆ ಪಾಳಿ ಮುಗಿದರೂ ಅವಳು ಮನೆಗೆ ಹೋಗಲಿಲ್ಲ. ತೊಡೆಗೆ ಚುಚ್ಚುಮದ್ದು ಕೊಟ್ಟಿದ್ದಾಗಿತ್ತು. ಆ ತೊಡೆಯಲ್ಲಿ ಎರಡು ಬೆರಳಿನಿಂದ ಹಿಡಿಯುವಷ್ಟೂ ಮಾಂಸವಿಲ್ಲ, ಮೂಳೆಗೆ ತಾಗೀತೆಂದು ಅವಳ ಕೈ ಹೆದರಿತು. ಊದಿದ ಕೈಯನ್ನು ಸುತ್ತಿದ ಟವೆಲಿನ ಮೇಲೆ ಎತ್ತರಿಸಿ ಇಟ್ಟಿದ್ದರು. ತಾತನನ್ನು ಬಟ್ಟೆ ಬಿಚ್ಚಿ ತಾಯಿಯ ಎದೆಗೆ ಹಾಕಿ ಮೇಲೆ ಕಂಬಳಿ ಹೊದಿಸಿದ್ದರು, ಬಿಸಿಯಾಗಲಿ ಎಂದು. ಕಂಬಳಿಯಿಂದ ಹೊರಗೆ ಚಾಚಿಕೊಂಡ ಆ ಕೈಯನ್ನು ಹುಡುಗಿ ತನ್ನ ಅಂಗೈ ಮೇಲೆ ಹೊತ್ತು ಕೂತಿದ್ದಳು. ಟವೆಲು ಇದೆಯಲ್ಲ ಎಂದರೆ, "ಜಾರುತ್ತೆ ಸಿಸ್ಟರಕ್ಕ" ಎಂದಳು. ನಾಲ್ಕು ಗಂಟೆಗೆ ಹುಡುಗಿಯ ಅತ್ತೆ ಬಂದರು. ದಿನಾ ನಾಲ್ಕಕ್ಕೆ ಬರುವವರು, ಬುತ್ತಿ ತಂದು, ಮೊಮ್ಮಗನ ಹಣೆ ಮುಟ್ಟಿ, ಐದಕ್ಕೆ ಹೋಗುವವರು, ಕೆಟ್ಟವರಲ್ಲ. ವಿಷಯವನ್ನು ಪಕ್ಕದ ಹಾಸಿಗೆಯವಳು ಆಗಲೇ ಮುಟ್ಟಿಸಿದ್ದಳು.

"ಇದ್ದಿದ್ದು ಒಂದು ಕೆಲಸ ನಿಂಗೆ" ಎಂದರು ಅತ್ತೆ, ಬುತ್ತಿಯನ್ನು ಕೆಳಗಿಡದೆಯೇ. "ಕೂತ್ಕೊಂಡು ಮಗೂನ ನೋಡ್ಕೊಳ್ಳೋದು. ಅದನ್ನೂ ನೀರು ಪಾಲು ಮಾಡ್ದೆ. ಹಾಲು ಸಾಲ್ತಿಲ್ಲ ಅಂತ ನಾನು ಮೂರು ತಿಂಗಳಿಂದ ಬಡ್ಕೊಂಡೆ, ಅವತ್ತೂ ಕೇಳ್ಲಿಲ್ಲ. ಮೇಲೆ ಆ ಪೆನ್ನಲ್ಲಿ ಬರೆಯೋದು ಬೇರೆ. ಮುಚ್ಚಿಡೋಕೆ."

ಹುಡುಗಿ ಕೈಯನ್ನು ಹೊತ್ತುಕೊಂಡೇ ಇದ್ದಳು. ಆರು ಹಾಸಿಗೆಯ ಆರು ತಾಯಂದಿರೂ ತಮ್ಮ ತಮ್ಮ ಮಕ್ಕಳನ್ನು ನೋಡುತ್ತಿದ್ದರು. ಅತ್ತೆ ಸಿಸ್ಟರ್ ಕಡೆಗೆ ತಿರುಗಿ ಧ್ವನಿ ಇಳಿಸಿದರು. "ಪಾಪ, ನೀವು ಚಿನ್ನದಂಗೆ ಕಟ್ಟಿ ಕೊಟ್ಟಿದ್ರಿ. ಇವಳಿಗೆ ಉಳಿಸ್ಕೊಳ್ಳೋಕೆ ಬರಲಿಲ್ಲ. ಮನೆಗೆ ಹೋಗದೆ ನಿಂತಿದ್ದೀರಲ್ಲ ತಾಯಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಅವಳು "ಹಾಗೆಲ್ಲ ಅನ್ಬೇಡಿ" ಎಂದಳು. ಅದು ಯಾವುದಕ್ಕೆ ಹೇಳಿದ್ದು, ಬೈಗುಳಕ್ಕೋ ಹಾರೈಕೆಗೋ, ಕೇಳಿದವರು ತಮಗೆ ಬೇಕಾದ ಹಾಗೆ ತಿಳಿದುಕೊಳ್ಳಬಹುದಿತ್ತು. ಬಸ್ಸಿನಲ್ಲಿ ಕೂತ ಮೇಲೂ ಆ ಎರಡು ಶಬ್ದಗಳು ಅವಳ ಬಾಯಿಯಲ್ಲಿ ಉಳಿದಿದ್ದವು. ಕಲಿಯುವ ದಿನಗಳಲ್ಲಿ ಒಮ್ಮೆ ಒಂದು ಮಗುವಿಗೆ ಏಳು ಸಲ ಚುಚ್ಚಿದ್ದಳು. ಏಳನೆಯದಾದ ಮೇಲೆ ಮಗುವಿನ ಅಜ್ಜಿ ಏನೂ ಹೇಳದೆ ಮುಂದೆ ಬಂದು, ಆ ಪುಟ್ಟ ಕೈಯನ್ನು ತನ್ನ ಅಂಗೈಯಿಂದ ಮುಚ್ಚಿ, ಮಗುವನ್ನು ಎತ್ತಿಕೊಂಡು ನಡೆದುಬಿಟ್ಟಿದ್ದಳು. ಆ ಅಜ್ಜಿ ಒಂದು ಮಾತು ಅಂದಿದ್ದರೆ ತಾನು ಇಷ್ಟು ಕಲಿಯುತ್ತಿರಲಿಲ್ಲವೇನೋ. ಮುಚ್ಚಿದ ಆ ಅಂಗೈಯನ್ನು ತೆರೆಸಬೇಕೆಂದೇ ಹದಿನಾರು ವರ್ಷ ಅವಳು ನರ ಹುಡುಕಿದ್ದಳು. ಅಕ್ಕಪಕ್ಕದವರು ನೋಡಲಿ ಎಂದು ಹುಡುಕಿದ್ದಳು. ನಿಲ್ದಾಣ ದಾಟಿಹೋಯಿತು. ಕಂಡಕ್ಟರ್ "ಇಳಿಯಲ್ವೇನಮ್ಮ?" ಎಂದಾಗ ಎಲ್ಲರೂ ತಿರುಗಿ ನೋಡಿದರು. ಅವಳು ಎರಡು ನಿಲ್ದಾಣ ಹಿಂದಕ್ಕೆ ನಡೆದಳು. ನಡೆಯಬೇಕಾದದ್ದೇ ಎಂದು ಅನ್ನಿಸಿ, ಅಷ್ಟು ಅಗ್ಗದ ಶಿಕ್ಷೆಗೆ ತಾನು ಒಳಗೊಳಗೇ ಖುಷಿಪಟ್ಟದ್ದು ಗೊತ್ತಾಗಿ, ನಾಚಿಕೆಯಾಯಿತು.

ಮರುದಿನ ತಾತ ಇನ್ನೂ ತಣ್ಣಗಿದ್ದರು. ಕೆಂಪು ಗೆರೆ ಮೊಣಕೈಯನ್ನು ದಾಟಿರಲಿಲ್ಲ, ಹಿಂದಕ್ಕೂ ಬಂದಿರಲಿಲ್ಲ. ಅವಳು ಎರಡು ಗಂಟೆಗೊಮ್ಮೆ ಹಾಲಿನ ಲೋಟ ತರುತ್ತಿದ್ದಳು. ಬಾಯಿಗೆ ಬೇಡವೆನ್ನುತ್ತಿದ್ದುದರಿಂದ ಮೂಗಿಗೆ ಹಾಕಿದ್ದ ಕೊಳವೆಯಲ್ಲಿ ನಿಧಾನ ಇಳಿಸುತ್ತಿದ್ದಳು. ಪ್ರತಿ ಸಲವೂ ಹೇಳಬೇಕೆಂದು ಬಂದು, ಪ್ರತಿ ಸಲವೂ ಬೇರೆ ಏನೋ ಹೇಳಿ ಹೋಗುತ್ತಿದ್ದಳು. ಕಿಟಕಿ ಮುಚ್ಚಿದ್ದೀಯಾ. ಊಟ ಮಾಡಿದ್ಯಾ. ಹುಡುಗಿ ಊಟ ಮಾಡಿರಲಿಲ್ಲ. ಮಗುವಿನ ಮೈಯನ್ನೂ ಒದ್ದೆ ಬಟ್ಟೆಯಿಂದ ಒರೆಸುವುದನ್ನು ಬಿಟ್ಟಿದ್ದಳು. ಒಣ ಬಟ್ಟೆಯಿಂದ ಒರೆಸಿ ಒರೆಸಿ ತಾತನ ಕುತ್ತಿಗೆಯ ಮಡಿಕೆ ಕೆಂಪಾಗಿತ್ತು. "ನೀರು ಹಚ್ಚೇ" ಎಂದರೆ, "ಬೇಡ ಸಿಸ್ಟರಕ್ಕ, ನನ್ ಕೈಗೆ ನೀರು ಬೇಡ" ಎಂದಳು. ವಾರ್ಡಿನ ಅಡುಗೆಮನೆಯ ಮೂಲೆಯಲ್ಲಿ ಹಾಲಿನ ಪುಡಿ ಅಳೆಯುತ್ತ ಸಿಸ್ಟರ್ ಆ ಮಾತನ್ನೇ ಅಳೆಯುತ್ತಿದ್ದಳು. ಎರಡು ಸಲ ಲೆಕ್ಕ ತಪ್ಪಿ ಪುಡಿಯನ್ನು ವಾಪಸು ಡಬ್ಬಕ್ಕೆ ಸುರಿದಳು. ಹೇಳದಿದ್ದರೂ ಮಗು ಉಳಿದರೆ ಉಳಿಯುತ್ತದೆ, ಹೋದರೆ ಹೋಗುತ್ತದೆ. ಆದರೆ ಹೋದರೆ, ಈ ಹುಡುಗಿ ಸಾಯುವ ತನಕ ಒಂದು ತಂಬಿಗೆ ನೀರನ್ನು ನೋಡುತ್ತ ಇರುತ್ತಾಳೆ. ಉಳಿದರೂ ಆ ಕೈಯ ಕಲೆ ನೋಡಿ ಮನೆಯವರೆಲ್ಲ ನೆನಪಿಸುತ್ತಾರೆ.

ಮೂರನೆಯ ದಿನ ಬೆಳಿಗ್ಗೆ ಆಯಾ ಬಾಗಿಲಲ್ಲೇ ಹಿಡಿದಳು. "ಬನ್ನಿ ಬನ್ನಿ. ತಾತ ಬೆಳಿಗ್ಗೆಯಿಂದ ಕೂಗಾಡ್ತಿದ್ದಾರೆ, ಹೋಟೆಲು ಸರಿಯಿಲ್ಲ, ಹಾಲು ತಡ ಅಂತ." ತಾತ ಬಾಯಿಯಲ್ಲೇ ನಲವತ್ತು ಕುಡಿದಿದ್ದರು. ಮೈ ಬೆಚ್ಚಗಿತ್ತು. ಗೆರೆ ಮಣಿಕಟ್ಟಿನ ಹತ್ತಿರಕ್ಕೆ ಇಳಿದಿತ್ತು. ಊತ ಕರಗಿ ಕೈ ಮತ್ತೆ ಆ ಮೈಯ ಕೈಯಾಗುತ್ತಿತ್ತು, ಬಡಕಲು, ಚರ್ಮ ಸುಕ್ಕುಸುಕ್ಕು. ಸೂಜಿ ಕೂತಿದ್ದ ಜಾಗ ಮಾತ್ರ ಅಂಗಿಯ ಗುಂಡಿಯಷ್ಟು ಕಪ್ಪಾಗಿತ್ತು. ಮರಿ ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. "ಕೈ ಉಳೀತು. ಆ ಕಪ್ಪು ಉದುರಿ ಮಾಯುತ್ತೆ, ಕಲೆ ಇರುತ್ತೆ. ಕಿರುಬೆರಳು ಪೂರ್ತಿ ಮಡಚುತ್ತಾ ಅನ್ನೋದು ಈಗ್ಲೇ ಹೇಳೋಕಾಗಲ್ಲ." ಅವಳು ಅವರನ್ನು ವರಾಂಡದಲ್ಲಿ ನಿಲ್ಲಿಸಿ, "ಡಾಕ್ಟ್ರೇ, ನೀವು ತೆಗೀರಿ ಅಂದಿದ್ರಿ" ಎಂದಳು. ಅವರು ತೋಳಿನೊಳಗೆ ಕೈ ಎಳೆದುಕೊಂಡರು. "ನಾನೂ ಆಯ್ತು ಅಂದೆನಲ್ಲ ಸಿಸ್ಟರ್. ನಂದೂ ಇದೆ." ಎಷ್ಟು ಸಲೀಸಾಗಿ ತಮ್ಮ ಪಾಲನ್ನು ಎತ್ತಿಕೊಂಡರೆಂದರೆ, ಅವಳ ಪಾಲು ಅದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಅವಳು ಒಳಗೆ ಬಂದು ಫೈಲು ತೆಗೆದಳು. ದೊಡ್ಡ ಸಿಸ್ಟರ್ ಬರೆದಿದ್ದ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದು, ಕೆಳಗೆ ಬರೆದಳು. ತೆಗೆಯಲು ಹೇಳಿದ ಲೈನನ್ನು ತೆಗೆಯದೆ ಬಿಟ್ಟದ್ದು, ಪಟ್ಟಿ ಬಿಚ್ಚಿ ನೋಡದೆ ಇದ್ದದ್ದು. ತನ್ನ ಹೆಸರು, ತಾರೀಖು, ಸಮಯ.

"ಯಾಕೆ ಮೈಮೇಲೆ ಎಳ್ಕೊಳ್ತೀಯ?" ದೊಡ್ಡ ಸಿಸ್ಟರ್ ಅವಳ ಹೆಗಲ ಮೇಲಿನಿಂದ ಓದುತ್ತಿದ್ದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮಗಳಿಗೆ ಹೇಳಿದ ಹಾಗಿತ್ತು. "ನಾನು ಬರೆದದ್ದು ನಿನ್ನ ಮುಖ ನೋಡಿ ಕಣೇ. ಮಗು ಹುಷಾರಾಗ್ತಿದೆ. ಆ ಹುಡುಗಿ ಏನು ಫೈಲ್ ಓದ್ತಾಳಾ?"

"ನಾನು ಓದ್ತೀನಲ್ಲ."

ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇನ್ಮೇಲೆ ಪಟ್ಟಿ ಬೇಡ ಅಂತ ಎಲ್ಲರಿಗೂ ಹೇಳ್ತೀನಿ. ಚೆಂದ ಕಾಣ್ತಿತ್ತು ಅಂತ ನಾನೂ ಸುಮ್ನಿದ್ದೆ" ಎಂದು ಹೋದರು.

ಎರಡು ಗಂಟೆಗೆ ಪಾಳಿ ಮುಗಿಯಿತು. ಅವಳು ಸಮವಸ್ತ್ರ ಬದಲಾಯಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲವರೆಗೆ ಹೋಗಿ, ತಿರುಗಿ ಬಂದು ಕೊನೆಯ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಹುಡುಗಿ ತಾತನನ್ನು ತೊಡೆಯ ಮೇಲೆ ಒರಗಿಸಿಕೊಂಡು ಲೋಟದಿಂದ ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ತಾತ ಪ್ರತಿ ಗುಟುಕಿಗೂ ಹುಬ್ಬೇರಿಸಿ, ಬೆಲೆ ಕಟ್ಟುವವರ ಹಾಗೆ ಬಾಯಿ ಚಪ್ಪರಿಸುತ್ತಿದ್ದರು.

"ನಿಮ್ಹತ್ರ ಒಂದು ಮಾತಾಡ್ಬೇಕಿತ್ತು" ಎಂದಳು ಸಿಸ್ಟರ್.

ಹುಡುಗಿ ತಲೆಯೆತ್ತಿ ನಕ್ಕಳು. ಮೂರು ದಿನದಲ್ಲಿ ಮೊದಲ ಸಲ. "ಏನ್ ಸಿಸ್ಟರಕ್ಕ, ನಂಗೂ ಬಹುವಚನ ಶುರುವಾಯ್ತಾ? ತಾತನ ಜೊತೆ ಸೇರಿಸ್ಬಿಟ್ರಾ?"

ಆ ನಗು ಮುಗಿಯುವವರೆಗೂ ಸಿಸ್ಟರ್ ಕಾದಳು. ಅದನ್ನು ಕೆಡಿಸುವುದೂ ತನ್ನ ಪಾಲಿಗೇ ಬಂತಲ್ಲ ಎನ್ನಿಸಿತು. ಆಮೇಲೆ ಹೇಳಿದಳು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. "ಆ ಕೈ ಊದಿದ್ದು ನೀರಿಂದ ಅಲ್ಲ. ನೀನು ನೀರು ಹಾಕದಿದ್ರೂ ಊದ್ತಿ‌ತ್ತು. ಆ ಸೂಜೀನ ಅದಕ್ಕೂ ಹಿಂದಿನ ದಿನಾನೇ ತೆಗೀಬೇಕಿತ್ತು. ಡಾಕ್ಟ್ರು ತೆಗೀರಿ ಅಂದ್ರು. ನಾನು ಬೇಡ ಅಂದೆ."

"ಯಾಕೆ?"

"ಸಿಕ್ಕಿತ್ತಲ್ಲ. ಒಂದೇ ಸಲಕ್ಕೆ ಸಿಕ್ಕಿತ್ತು. ತೆಗೆಯೋಕೆ ಮನಸ್ಸು ಬರಲಿಲ್ಲ." ಅಷ್ಟೇ ಆಗಿತ್ತು. ಮೂರು ದಿನ ಬೆಟ್ಟದ ಹಾಗೆ ಹೊತ್ತದ್ದು ಬಾಯಿಂದ ಹೊರಗೆ ಬಿದ್ದಾಗ ಇಷ್ಟೇ ಇಷ್ಟು. "ಬಿಚ್ಚಬೇಡಿ ಅಂತ ಎಲ್ಲರಿಗೂ ಹೇಳಿ ಹೋಗಿದ್ದೂ ನಾನೇ."

ಹುಡುಗಿ ಲೋಟವನ್ನು ವಾರೆ ಮಾಡಿ ಇನ್ನೊಂದು ಗುಟುಕು ಕೊಟ್ಟಳು. ಗಲ್ಲದಿಂದ ಇಳಿದ ಹನಿಯನ್ನು ಬೆರಳಿನಿಂದ ಹಿಡಿದು ಮತ್ತೆ ಬಾಯಿಗೆ ಹಾಕಿದಳು. ತಾತ ನುಂಗಿದರು. ಪಕ್ಕದ ಹಾಸಿಗೆಯವಳು ಕೂದಲು ಬಾಚಿಕೊಳ್ಳುವುದನ್ನು ನಿಲ್ಲಿಸಿದ್ದಳು.

"ನಮ್ಮತ್ತೆ ಅಂದಾಗ ನೀವು ಇಲ್ಲೇ ನಿಂತಿದ್ರಿ."

"ನಿಂತಿದ್ದೆ."

"ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

ಲೋಟ ಖಾಲಿಯಾಯಿತು. ಹುಡುಗಿ ಅದನ್ನು ಬೆಳಕಿಗೆ ಹಿಡಿದು, ತಳದಲ್ಲಿ ಉಳಿದಿದೆಯೇ ಎಂದು ನೋಡಿ, ಸ್ಟೂಲಿನ ಕಡೆಗೆ ಚಾಚಿದಳು. ಸಿಸ್ಟರ್ ತೆಗೆದುಕೊಂಡಳು. ಹುಡುಗಿ ತಾತನನ್ನು ಹೆಗಲಿಗೆ ಎತ್ತಿಕೊಳ್ಳುವಾಗ ಎಡಗೈ ಇಳಿಬಿತ್ತು. "ಸ್ವಲ್ಪ ಹಿಡ್ಕೊಳ್ಳಿ ಅದನ್ನ" ಎಂದಳು. ಸಿಸ್ಟರ್ ಹಿಡಿದುಕೊಂಡಳು. ಬೆಚ್ಚಗಿತ್ತು. ಕಪ್ಪು ಗುಂಡಿಯ ಸುತ್ತ ಚರ್ಮ ಸಿಪ್ಪೆಯೇಳುತ್ತಿತ್ತು. ನಾಲ್ಕು ಬೆರಳು ಅವಳ ಬೆರಳನ್ನು ಹಿಡಿದುಕೊಂಡವು, ಕಿರುಬೆರಳು ನೆಟ್ಟಗೆ ನಿಂತಿತ್ತು. ಹುಡುಗಿ ಬೆನ್ನು ಸವರುತ್ತಿದ್ದಳು. ಸವರುವ ಕೈ ಒಂದೇ ಲಯದಲ್ಲಿ ಮೇಲೆ ಕೆಳಗೆ ಹೋಗುತ್ತಿತ್ತು, ಅದರಲ್ಲಿ ಸಿಟ್ಟೂ ಕಾಣಲಿಲ್ಲ, ಏನೂ ಕಾಣಲಿಲ್ಲ. ತಾತ ದೊಡ್ಡ ಮನುಷ್ಯರ ಹಾಗೆ ತೇಗಿದರು.

"ಇವತ್ತು ನಿಮ್ಮತ್ತೆ ನಾಲ್ಕಕ್ಕೆ ಬರ್ತಾರಲ್ಲ" ಎಂದಳು ಸಿಸ್ಟರ್. "ಎಲ್ಲರ ಮುಂದೆ ಹೇಳ್ತೀನಿ."

"ಹೇಳಿ. ಅದು ಬೇಕು ನಂಗೆ."

"ಫೈಲಲ್ಲೂ ತಿದ್ದಿ ಬರ್ದಿದ್ದೀನಿ."

"ಅದು ನಂಗೆ ಓದೋಕೆ ಬರಲ್ಲ, ನಿಮಗೆ ಬಿಟ್ಟಿದ್ದು." ಬೆನ್ನು ಸವರುತ್ತಲೇ, "ನಾಲ್ಕರ ತನಕ ಇರ್ತೀರಾ?"

"ಇರ್ತೀನಿ."

"ಊಟ?"

"ಆಗಿಲ್ಲ."

"ನಂದೂ ಆಗಿಲ್ಲ." ಹುಡುಗಿ ಮಗುವನ್ನು ಮಲಗಿಸಿ, ಎಡಗೈಯನ್ನು ಸಿಸ್ಟರ್ ಕೈಯಿಂದ ಬಿಡಿಸಿ ಟವೆಲಿನ ಮೇಲೆ ಇಟ್ಟಳು. ಬಿಡಿಸುವಾಗ ಎರಡು ಬೆರಳಿನಿಂದ, ನೋವಾಗದ ಹಾಗೆ ಬಿಡಿಸಿದಳು. ಆಮೇಲೆ ಮೂಲೆಯ ಬೇಸಿನ್ನಿಗೆ ಹೋಗಿ, ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ ತಂದು, ತಾತನ ಕುತ್ತಿಗೆಯ ಮಡಿಕೆಗಳನ್ನು ಒಂದೊಂದಾಗಿ ಒರೆಸತೊಡಗಿದಳು. ತಾತ ತಣ್ಣನೆಗೆ ಬೆಚ್ಚಿ ಅವಳನ್ನು ದುರುಗುಟ್ಟಿ ನೋಡಿದರು. "ಇನ್ನೇನು, ಆಯ್ತು ಆಯ್ತು, ಕೋಪ ಮಾಡ್ಕೋಬೇಡಿ" ಎಂದಳು ಅವರಿಗೆ.

ಸಿಸ್ಟರ್ ಖಾಲಿ ಲೋಟ ಹಿಡಿದು ಕಾಯುತ್ತಿದ್ದಳು. ಕಿವಿ ಬಿಸಿಯಾಗಿ, ಬೆನ್ನು ನೆಟ್ಟಗಾಗಿ, ಬರಬೇಕಾದದ್ದಕ್ಕೆ ಮೈಯೆಲ್ಲ ಸಿದ್ಧವಾಗಿತ್ತು. ಅದು ಬರಲಿಲ್ಲ. ಬರುವ ಲಕ್ಷಣವೂ ಕಾಣಲಿಲ್ಲ.

"ಬೈಯೇ ನನ್ನ" ಎಂದಳು ಕೊನೆಗೆ. "ಏನ್ ಬೇಕಾದ್ರೂ ಅನ್ನು. ಎಲ್ಲರಿಗೂ ಕೇಳೋ ಹಾಗೆ ಅನ್ನು. ಅನ್ನಿಸ್ಕೊಳ್ತೀನಿ."

ಹುಡುಗಿ ಬಟ್ಟೆಯನ್ನು ಮಡಚಿ ಸ್ವಚ್ಛ ಬದಿಯನ್ನು ಮೇಲೆ ಮಾಡಿಕೊಂಡಳು.

"ಬೈಸ್ಕೊಂಡು ಹಗುರಾಗಿ ಮನೆಗೆ ಹೋಗೋಣಾಂತಲಾ ಸಿಸ್ಟರಕ್ಕ?" ಎಂದಳು. "ಬೈಯಲ್ಲ ನಾನು."